ಕಡಿಮೆ ವಿಳಂಬದ ಡಿಜಿಟಲ್ ಧ್ವನಿ ವ್ಯವಸ್ಥೆಗೆ ಗಣಕಯಂತ್ರ ಮತ್ತು ಯಂತ್ರಾಂಶಗಳ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಧ್ವನಿಮುದ್ರಣ ಕೊಠಡಿ, ಡಬ್ಬಿಂಗ್ ಘಟಕ, ಸಮುದಾಯ ಬಾನುಲಿ ಕೇಂದ್ರ, ಸಂಗೀತ ತರಬೇತಿ ಶಾಲೆ ಮೊದಲಾದವುಗಳನ್ನು ಸ್ಥಾಪಿಸಲು ಸ್ವಉದ್ಯೋಗ ಯೋಜನೆಗಳಡಿ ಸಾಲ ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು ಯೋಜನಾ ವರದಿಯೊಂದಿಗೆ ಯಂತ್ರೋಪಕರಣಗಳ ದರಪಟ್ಟಿಯನ್ನು ಲಗತ್ತಿಸಬೇಕಾಗುತ್ತದೆ. ಇಂತಹ ದರಪಟ್ಟಿಗಳಲ್ಲಿ ಗಣಕಯಂತ್ರದ ವಿವರವು ಬಹುಮಟ್ಟಿಗೆ ಕಛೇರಿ ಕೆಲಸದ ಅಥವಾ ಆಟಗಳ ಗಣಕಯಂತ್ರದ ವಿವರವೇ ಆಗಿರುವುದುಂಟು. ಬೆಲೆ ಹೆಚ್ಚಿದ್ದರೂ ಅಂತಹ ಯಂತ್ರವು ಧ್ವನಿಯ ಕೆಲಸಕ್ಕೆ ಒದಗದೇ ಹೋಗಬಹುದು. ಗಾಯಕರು ಹಾಡಿದ ಸ್ವರ ಅವರ ಕಿವಿಗೇ ತಡವಾಗಿ ಕೇಳಿಸುವುದು, ಮುದ್ರಣದ ನಡುವೆ ಚಿಟಚಿಟ ಶಬ್ದ ಸೇರಿಕೊಳ್ಳುವುದು, ಹಲವು ನಿಮಿಷಗಳ ಉತ್ತಮ ಗಾಯನ ವ್ಯರ್ಥವಾಗುವುದು ಇದರ ಪರಿಣಾಮಗಳು. ಯಂತ್ರ ಒದಗದಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ. ಆದುದರಿಂದ ಖರೀದಿಗೆ ಮುನ್ನವೇ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ಕ್ರಮವಾಗಿ ನೀಡಲಾಗಿದೆ.

2. ವಿಳಂಬ ಎಂದರೇನು?

ಮೈಕ್ರೋಫೋನಿಗೆ ಬಂದ ಧ್ವನಿಯು ಗಣಕಯಂತ್ರವನ್ನು ಪ್ರವೇಶಿಸಿ, ಅಲ್ಲಿ ಸಂಸ್ಕರಣೆಗೊಂಡು, ಹೆಡ್‌ಫೋನ್ ಅಥವಾ ಧ್ವನಿವರ್ಧಕದ ಮೂಲಕ ಹೊರಬರುವವರೆಗೆ ಹಿಡಿಯುವ ಕಾಲವೇ ವಿಳಂಬ. ಇದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಒಂದು ಮಿಲಿಸೆಕೆಂಡು.

ಈ ಅಳತೆಯನ್ನು ಅಂದಾಜಿಸಲು ಸುಲಭ ಮಾರ್ಗವೊಂದಿದೆ. ಸಾಧಾರಣ ಉಷ್ಣತೆಯಲ್ಲಿ ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್. ವೇದಿಕೆಯಲ್ಲಿ ಮೂರು ಮೀಟರ್ ದೂರ ಕುಳಿತ ಮೃದಂಗ ವಾದಕರ ನಾದವು ಗಾಯಕರನ್ನು ತಲುಪಲು ಸುಮಾರು 9 ಮಿಲಿಸೆಕೆಂಡು ಬೇಕು. ಇಷ್ಟು ಅಂತರಕ್ಕೆ ಕಲಾವಿದರು ಒಗ್ಗಿರುತ್ತಾರೆ. ಗಣಕಯಂತ್ರದ ವಿಳಂಬ 10 ಮಿಲಿಸೆಕೆಂಡಿನ ಒಳಗಿದ್ದರೆ ನುಡಿಸುವವರಿಗೆ ಸಾಮಾನ್ಯವಾಗಿ ತೊಂದರೆಯಾಗದು. 20 ಮಿಲಿಸೆಕೆಂಡು ಮೀರಿದರೆ ಕೈಗೂ ಕಿವಿಗೂ ಹೊಂದಾಣಿಕೆ ತಪ್ಪತೊಡಗುತ್ತದೆ. 40 ಮಿಲಿಸೆಕೆಂಡಿಗೆ ಬಂದರೆ ದ್ರುತ ಕಾಲದಲ್ಲಿ ತಾಳ ಹಿಡಿಯುವುದು ಕಷ್ಟವಾಗುತ್ತದೆ.

ಗಾಯಕರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅವರ ಸ್ವಂತ ಧ್ವನಿಯು ತಲೆಯ ಎಲುಬಿನ ಮೂಲಕ ಒಡನೆಯೇ ಕೇಳಿಸುತ್ತದೆ. ಅದೇ ಧ್ವನಿ ಹೆಡ್‌ಫೋನಿನಲ್ಲಿ ಕೆಲವೇ ಮಿಲಿಸೆಕೆಂಡು ತಡವಾಗಿ ಬಂದರೂ ಎರಡೂ ಬೆರೆತು ಕಂಠವು ಪೊಳ್ಳಾಗಿ, ಕೊಳವೆಯೊಳಗಿಂದ ಬಂದಂತೆ ಕೇಳಿಸುವುದುಂಟು. ಆಗ ಗಾಯಕರು ತಮ್ಮ ಶ್ರುತಿಯನ್ನೇ ಅನುಮಾನಿಸುತ್ತಾರೆ. ದೋಷ ಕಂಠದ್ದಲ್ಲ, ಯಂತ್ರದ್ದು.

3. ವಿಳಂಬ ಎಲ್ಲಿಂದ ಬರುತ್ತದೆ?

ಧ್ವನಿಯನ್ನು ಅಂಕಿಗಳನ್ನಾಗಿ ಪರಿವರ್ತಿಸುವಾಗ ಸೆಕೆಂಡಿಗೆ 44,100 ಅಥವಾ 48,000 ಬಾರಿ ಅದರ ಅಳತೆಯನ್ನು ತೆಗೆಯಲಾಗುತ್ತದೆ. ಪ್ರತಿಯೊಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. ಗಣಕಯಂತ್ರವು ಸ್ಯಾಂಪಲ್‌ಗಳನ್ನು ಒಂದೊಂದಾಗಿ ಸ್ವೀಕರಿಸದೆ, ಒಂದಷ್ಟನ್ನು ಕೂಡಿಸಿಕೊಂಡು ಒಟ್ಟಿಗೆ ಸಂಸ್ಕರಿಸುತ್ತದೆ. ಹೀಗೆ ಕೂಡಿಡುವ ಸ್ಥಳವೇ ಬಫರ್.

ಬಫರನ್ನು ಮನೆಯ ಹಿತ್ತಿಲಿನ ನೀರಿನ ತೊಟ್ಟಿಗೆ ಹೋಲಿಸಬಹುದು. ತೊಟ್ಟಿಯ ನಲ್ಲಿಯಿಂದ ನೀರು ಎಡೆಬಿಡದೆ ಹರಿಯುತ್ತಿರಬೇಕು. ಬಾವಿಯಿಂದ ನೀರು ಸೇದಿ ತಂದು ಸುರಿಯುವವರು ಒಬ್ಬರೇ. ತೊಟ್ಟಿ ದೊಡ್ಡದಿದ್ದರೆ ಸೇದುವವರು ನಡುವೆ ಬೇರೆ ಕೆಲಸಕ್ಕೆ ಹೋಗಿ ಬಂದರೂ ನಲ್ಲಿ ನಿಲ್ಲುವುದಿಲ್ಲ. ಆದರೆ ಈಗ ಸುರಿದ ನೀರು ನಲ್ಲಿಗೆ ಬರುವುದು ತಡ. ತೊಟ್ಟಿ ಚಿಕ್ಕದಿದ್ದರೆ ಸುರಿದ ನೀರು ಬೇಗ ಬರುತ್ತದೆ. ಆದರೆ ಸೇದುವವರು ಕ್ಷಣ ಮೈಮರೆತರೂ ನಲ್ಲಿ ಒಣಗುತ್ತದೆ. ಧ್ವನಿಯಲ್ಲಿ ಕೇಳಿಬರುವ ಚಿಟಚಿಟ ಶಬ್ದವೇ ಈ ನಲ್ಲಿ ಒಣಗಿದ ಕ್ಷಣ.

ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಒಂದು ಬಫರ್ ತುಂಬಲು ಹಿಡಿಯುವ ಕಾಲ ಈ ಕೆಳಕಂಡಂತಿದೆ:

64 ಸ್ಯಾಂಪಲ್: 1.3 ಮಿಲಿಸೆಕೆಂಡು
128 ಸ್ಯಾಂಪಲ್: 2.7 ಮಿಲಿಸೆಕೆಂಡು
256 ಸ್ಯಾಂಪಲ್: 5.3 ಮಿಲಿಸೆಕೆಂಡು
512 ಸ್ಯಾಂಪಲ್: 10.7 ಮಿಲಿಸೆಕೆಂಡು
1024 ಸ್ಯಾಂಪಲ್: 21.3 ಮಿಲಿಸೆಕೆಂಡು

ಒಳಬರುವಾಗ ಒಂದು ಬಫರ್, ಹೊರಹೋಗುವಾಗ ಒಂದು ಬಫರ್ ಇರುವುದರಿಂದ ಮೇಲಿನ ಅಂಕಿಗಳನ್ನು ಇಮ್ಮಡಿಗೊಳಿಸಬೇಕು. ಇದಕ್ಕೆ ಪರಿವರ್ತಕಗಳ ಕಾಲ ಹಾಗೂ ಡ್ರೈವರ್ ತಂತ್ರಾಂಶವು ಸುರಕ್ಷತೆಗಾಗಿ ಇರಿಸಿಕೊಳ್ಳುವ ಕಾಲ ಸೇರುತ್ತದೆ. ಉದಾಹರಣೆಗೆ, 128 ಸ್ಯಾಂಪಲ್ ಬಫರಿನಲ್ಲಿ ಎರಡೂ ಸೇರಿ 5.3 ಮಿಲಿಸೆಕೆಂಡು ಆಗುತ್ತದೆ. ಉಳಿದ ಬಾಬ್ತುಗಳು ಸೇರಿದರೂ ಒಟ್ಟು 10ರ ಒಳಗಿರಲು ಇಲ್ಲಿ ಅವಕಾಶವಿದೆ. 256ರಲ್ಲಿ ಬಫರುಗಳೇ 10.7 ಮಿಲಿಸೆಕೆಂಡು ತೆಗೆದುಕೊಳ್ಳುತ್ತವೆ.

ಇದರಿಂದ ಖರೀದಿಯ ಮುಖ್ಯ ಪ್ರಶ್ನೆ ಸ್ಪಷ್ಟವಾಗುತ್ತದೆ. ಕೊಳ್ಳಲಿರುವ ಗಣಕಯಂತ್ರವು 128 ಸ್ಯಾಂಪಲ್ ಬಫರಿನಲ್ಲಿ, ಅಂದರೆ ಪ್ರತಿ 2.7 ಮಿಲಿಸೆಕೆಂಡಿಗೊಮ್ಮೆ, ತಪ್ಪದೆ ತನ್ನ ಕೆಲಸವನ್ನು ಮುಗಿಸಬಲ್ಲದೇ? ಸರಾಸರಿ ವೇಗಕ್ಕಿಂತ ಗಡುವು ತಪ್ಪದಿರುವುದೇ ಇಲ್ಲಿ ಮುಖ್ಯ. ಒಂದು ಗಂಟೆಯ ಮುದ್ರಣದಲ್ಲಿ ಒಮ್ಮೆ ತಪ್ಪಿದರೂ ಆ ಮುದ್ರಣ ಕೆಟ್ಟಂತೆಯೇ.

4. ಮೊದಲು ತಮ್ಮ ಅಗತ್ಯವನ್ನು ನಿರ್ಧರಿಸಿಕೊಳ್ಳುವುದು

ಎಲ್ಲ ಉದ್ದಿಮೆಗಳಿಗೂ ಒಂದೇ ಬಗೆಯ ವ್ಯವಸ್ಥೆ ಬೇಕಾಗುವುದಿಲ್ಲ. ಅರ್ಜಿದಾರರು ತಮ್ಮ ಕೆಲಸವು ಈ ಕೆಳಗಿನ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳುವುದು ಸೂಕ್ತ.

(ಅ) ಮಾತಿನ ಮುದ್ರಣ: ಶ್ರವ್ಯ ಪುಸ್ತಕ, ಡಬ್ಬಿಂಗ್, ಸಮುದಾಯ ಬಾನುಲಿ ಇತ್ಯಾದಿ. ಭಾರತದಲ್ಲಿ ಸಮುದಾಯ ಬಾನುಲಿಗೆ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ನೀಡಲಾಗಿದ್ದು, 2006ರಲ್ಲಿ ಲಾಭೋದ್ದೇಶವಿಲ್ಲದ ಸಂಘ ಸಂಸ್ಥೆಗಳಿಗೂ ವಿಸ್ತರಿಸಲಾಯಿತು. ಈ ಕೆಲಸಗಳಲ್ಲಿ ಒಂದೆರಡು ಮೈಕ್ರೋಫೋನುಗಳಷ್ಟೇ ಬಳಕೆಯಾಗುತ್ತವೆ. ನೇರ ಆಲಿಕೆಯ ಸೌಲಭ್ಯವಿರುವ ಇಂಟರ್‌ಫೇಸ್ ಇದ್ದರೆ ಧ್ವನಿಯು ಗಣಕಯಂತ್ರಕ್ಕೆ ಹೋಗಿಬರದೆ ಒಡನೆಯೇ ಹೆಡ್‌ಫೋನಿಗೆ ಬರುತ್ತದೆ. ಆದ್ದರಿಂದ ಸಾಧಾರಣ ಗಣಕಯಂತ್ರವೇ ಸಾಕು. ಉಳಿಯುವ ಹಣವನ್ನು ಮೈಕ್ರೋಫೋನಿಗೂ ಕೊಠಡಿಯ ಧ್ವನಿ ನಿರೋಧಕ್ಕೂ ವಿನಿಯೋಗಿಸುವುದು ಲಾಭದಾಯಕ.

(ಆ) ವಾದ್ಯ ಹಾಗೂ ಗಾಯನ ಸಂಯೋಜನೆ: ಕೀಬೋರ್ಡ್ ನುಡಿಸಿ ಗಣಕಯಂತ್ರದಲ್ಲಿರುವ ಕೊಳಲು, ವೀಣೆ, ತಬಲಾ ಮುಂತಾದ ತಂತ್ರಾಂಶ ವಾದ್ಯಗಳ ನಾದ ಹೊರಡಿಸುವುದು, ಪ್ರತಿಧ್ವನಿ ಮೊದಲಾದ ಪರಿಣಾಮಗಳನ್ನು ಹಾಡುತ್ತಿರುವಾಗಲೇ ಕೇಳಿಸುವುದು. ಇಲ್ಲಿ ನಾದವು ಗಣಕಯಂತ್ರದಲ್ಲೇ ಹುಟ್ಟುವುದರಿಂದ ನೇರ ಆಲಿಕೆ ನೆರವಾಗದು. ಕಡಿಮೆ ವಿಳಂಬವು ನಿಜವಾಗಿ ಅತ್ಯವಶ್ಯವಾಗುವುದು ಈ ವರ್ಗಕ್ಕೆ.

(ಇ) ಬಹು ಮೈಕ್ರೋಫೋನ್ ಮುದ್ರಣ: ಯಕ್ಷಗಾನದ ಹಿಮ್ಮೇಳ, ಭಜನಾ ಮಂಡಳಿ, ರಂಗಗೀತೆ ಮುಂತಾದವು. ಹಿಮ್ಮೇಳವನ್ನೇ ತೆಗೆದುಕೊಂಡರೆ ಭಾಗವತರಿಗೆ ಒಂದು, ಮದ್ದಳೆಯ ಎರಡು ಮುಖಗಳಿಗೆ ಎರಡು, ಚೆಂಡೆಗೆ ಒಂದೆರಡು, ಶ್ರುತಿಗೆ ಒಂದು ಎಂದು ಐದಾರು ಮೈಕ್ರೋಫೋನುಗಳು ಬೇಕು. ಎಂಟು ಒಳದಾರಿಗಳ ಇಂಟರ್‌ಫೇಸ್ ಇಲ್ಲಿ ಯೋಗ್ಯ. ಚೆಂಡೆಯ ಪೆಟ್ಟು ಅತಿ ತೀವ್ರವಾದುದರಿಂದ ಒಳಬರುವ ಧ್ವನಿಯ ಮಟ್ಟವನ್ನು ತಗ್ಗಿಸುವ ಸೌಲಭ್ಯ ಇರತಕ್ಕದ್ದು. ಈ ವರ್ಗದಲ್ಲಿ ವಿಳಂಬಕ್ಕಿಂತಲೂ ದೀರ್ಘ ಕಾಲ ಅಡಚಣೆಯಿಲ್ಲದೆ ಮುದ್ರಿಸುವ ಸ್ಥಿರತೆಯೇ ಮುಖ್ಯ.

5. ಭಾಗಗಳ ಆಯ್ಕೆ

5.1 ಆಡಿಯೋ ಇಂಟರ್‌ಫೇಸ್

ವ್ಯವಸ್ಥೆಯ ಹೃದಯಭಾಗ ಇದೇ. ಗಣಕಯಂತ್ರದ ಮೂಲ ಫಲಕದಲ್ಲಿಯೇ ಇರುವ ಧ್ವನಿ ಸೌಲಭ್ಯವು ಸಂಭಾಷಣೆಗೂ ಚಲನಚಿತ್ರ ನೋಡುವುದಕ್ಕೂ ಸಾಕು, ವೃತ್ತಿಪರ ಮುದ್ರಣಕ್ಕೆ ಸಾಲದು.

ಇಂಟರ್‌ಫೇಸ್ ಆಯ್ಕೆಯಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ತಯಾರಕರು ನೀಡುವ ಡ್ರೈವರ್ ತಂತ್ರಾಂಶದ ಗುಣಮಟ್ಟವೇ ನಿರ್ಣಾಯಕ. ವಿಂಡೋಸ್ ಬಳಸುವವರು ತಯಾರಕರದೇ ಆದ ಎಎಸ್‌ಐಒ ಡ್ರೈವರ್ ಲಭ್ಯವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ರೂಪಿಸಿದ ಈ ಪದ್ಧತಿಯು ವಿಂಡೋಸ್‌ನ ಸಾಮಾನ್ಯ ಧ್ವನಿ ಪದರಗಳನ್ನು ದಾಟಿ ತಂತ್ರಾಂಶವನ್ನೂ ಇಂಟರ್‌ಫೇಸನ್ನೂ ನೇರವಾಗಿ ಜೋಡಿಸುತ್ತದೆ. ಆಪಲ್ ಗಣಕಯಂತ್ರಗಳಲ್ಲಿ ಕೋರ್ ಆಡಿಯೋ ಎಂಬ ಕಡಿಮೆ ವಿಳಂಬದ ವ್ಯವಸ್ಥೆಯು ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಅಡಕವಾಗಿದೆ. ಲಿನಕ್ಸ್ ಬಳಸುವವರು ಪ್ರತ್ಯೇಕ ಡ್ರೈವರ್ ಬೇಡದ, ಯುಎಸ್‌ಬಿ ಆಡಿಯೋದ ಸಾಮಾನ್ಯ ಮಾನದಂಡವನ್ನು ಪಾಲಿಸುವ ಇಂಟರ್‌ಫೇಸ್‌ಗಳನ್ನು ಆರಿಸುವುದು ಒಳಿತು.

ಸಂಪರ್ಕದ ಬಗೆ ಕುರಿತು ಅನೇಕರಲ್ಲಿ ಗೊಂದಲವಿದೆ. 48,000 ಸ್ಯಾಂಪಲ್, 24 ಬಿಟ್ ಗುಣಮಟ್ಟದ ಒಂದು ಧ್ವನಿ ವಾಹಿನಿಗೆ ಸೆಕೆಂಡಿಗೆ 1.152 ಮೆಗಾಬಿಟ್ ಸಾಕು. 24 ವಾಹಿನಿಗಳಾದರೂ 28 ಮೆಗಾಬಿಟ್ ಮೀರುವುದಿಲ್ಲ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಆದ್ದರಿಂದ ಯುಎಸ್‌ಬಿ 2.0 ಇಂಟರ್‌ಫೇಸ್ ಹಳತಾಯಿತೆಂದು ತಿರಸ್ಕರಿಸಬೇಕಾಗಿಲ್ಲ. ಸಿ ಆಕಾರದ ಕಿಂಡಿ ಇದ್ದಮಾತ್ರಕ್ಕೆ ವಿಳಂಬ ಕಡಿಮೆಯಾಗುವುದೂ ಇಲ್ಲ. ಥಂಡರ್‌ಬೋಲ್ಟ್ ಹಾಗೂ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಗಳು ಇನ್ನೂ ಕಡಿಮೆ ವಿಳಂಬಕ್ಕೆ ಎಡೆಮಾಡಿಕೊಡುತ್ತವೆ, ಆದರೆ ಬೆಲೆ ಹೆಚ್ಚು. ಫೈರ್‌ವೈರ್ ಇಂಟರ್‌ಫೇಸ್‌ಗಳು ಬಳಸಿದ ವಸ್ತುಗಳ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದುಂಟು. ಹೊಸ ಗಣಕಯಂತ್ರಗಳಲ್ಲಿ ಆ ಕಿಂಡಿಯೇ ಇಲ್ಲದಿರುವುದರಿಂದ ಅವುಗಳನ್ನು ಕೊಳ್ಳದಿರುವುದು ಲೇಸು.

ಕಂಡೆನ್ಸರ್ ಮೈಕ್ರೋಫೋನ್ ಬಳಸುವವರು 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಸೌಲಭ್ಯವಿರುವುದನ್ನು ನೋಡಿಕೊಳ್ಳಬೇಕು. ಮುಂದೆ ವಿಸ್ತರಿಸುವ ಉದ್ದೇಶವಿದ್ದಲ್ಲಿ ಅಡಾಟ್ ಎಂಬ ಬೆಳಕಿನ ತಂತು ಸಂಪರ್ಕವಿರುವ ಮಾದರಿಯನ್ನು ಆರಿಸಬಹುದು. ಇದರಿಂದ 48,000 ದರದಲ್ಲಿ ಇನ್ನೂ ಎಂಟು ವಾಹಿನಿಗಳನ್ನು ಸೇರಿಸಲು ಸಾಧ್ಯ. ಎರಡು ಬೇರೆ ಬೇರೆ ಯುಎಸ್‌ಬಿ ಇಂಟರ್‌ಫೇಸ್‌ಗಳನ್ನು ಒಟ್ಟಿಗೆ ಬಳಸಿದರೆ ಅವುಗಳ ಒಳಗಡಿಯಾರಗಳು ಒಂದಕ್ಕೊಂದು ಹೊಂದದೆ ದೀರ್ಘ ಮುದ್ರಣದಲ್ಲಿ ಧ್ವನಿಗಳು ಸರಿದುಹೋಗುತ್ತವೆ ಎಂಬುದನ್ನು ಗಮನಿಸತಕ್ಕದ್ದು.

5.2 ಪ್ರೊಸೆಸರ್

ಒಂದು ಧ್ವನಿ ವಾಹಿನಿಯ ಮೇಲಿನ ಪರಿಣಾಮಗಳು ಒಂದಾದ ಮೇಲೊಂದು ನಡೆಯಬೇಕಾದುದರಿಂದ ಆ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಲು ಬರುವುದಿಲ್ಲ. ಹೀಗಾಗಿ ಕೋರ್‌ಗಳ ಸಂಖ್ಯೆಯಷ್ಟೇ ಒಂದೊಂದು ಕೋರ್‌ನ ವೇಗವೂ ಮುಖ್ಯ. ವಾಹಿನಿಗಳು ಹೆಚ್ಚಿದ್ದಲ್ಲಿ ಹೆಚ್ಚು ಕೋರ್‌ಗಳು ಪ್ರಯೋಜನಕ್ಕೆ ಬರುತ್ತವೆ. ಮೇಲಿನ (ಅ) ವರ್ಗಕ್ಕೆ ಇತ್ತೀಚಿನ ಪೀಳಿಗೆಯ ಸಾಧಾರಣ ಪ್ರೊಸೆಸರ್ ಸಾಕು. (ಆ) ವರ್ಗಕ್ಕೆ ಮಧ್ಯಮ ಅಥವಾ ಅದಕ್ಕಿಂತ ಮೇಲಿನ ಶ್ರೇಣಿಯದು ಬೇಕು.

ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬಿಸಿಯಾದೊಡನೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಮುದ್ರಣವು ಮಧ್ಯಾಹ್ನ ಕೆಡುವುದಕ್ಕೆ ಇದೂ ಒಂದು ಕಾರಣ. ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅಲ್ಲಿನ ಅರ್ಜಿದಾರರು ಈ ಅಂಶಕ್ಕೆ ವಿಶೇಷ ಗಮನ ಕೊಡಬೇಕು. ಒಂದೇ ಕಡೆ ಇರಿಸಿ ಬಳಸುವುದಾದರೆ ಡೆಸ್ಕ್‌ಟಾಪ್ ಗಣಕಯಂತ್ರವೇ ಮೇಲು. ಅದರಲ್ಲಿ ದೊಡ್ಡದಾದ, ನಿಧಾನವಾಗಿ ತಿರುಗುವ ಫ್ಯಾನ್ ಇದ್ದರೆ ಸದ್ದೂ ಕಡಿಮೆ. ಸಾಧ್ಯವಿದ್ದಲ್ಲಿ ಗಣಕಯಂತ್ರವನ್ನು ಮೈಕ್ರೋಫೋನ್ ಇರುವ ಕೊಠಡಿಯ ಹೊರಗೆ ಇರಿಸುವುದು ಉತ್ತಮ.

5.3 ಸ್ಮರಣೆ ಮತ್ತು ಸಂಗ್ರಹಣೆ

(ಅ) ಮತ್ತು (ಇ) ವರ್ಗಗಳಿಗೆ 16 ಗಿಗಾಬೈಟ್ ಸ್ಮರಣೆ ಸಾಕಾಗುತ್ತದೆ. ತಂತ್ರಾಂಶ ವಾದ್ಯಗಳು ತಮ್ಮ ನಾದದ ತುಣುಕುಗಳನ್ನು ಸ್ಮರಣೆಯಲ್ಲಿ ತುಂಬಿಕೊಳ್ಳುವುದರಿಂದ (ಆ) ವರ್ಗಕ್ಕೆ 32 ಗಿಗಾಬೈಟ್ ಇರುವುದು ಒಳ್ಳೆಯದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಮರಣೆಯನ್ನು ನಂತರ ಹೆಚ್ಚಿಸಲು ಬರುವುದಿಲ್ಲ. ಖರೀದಿಗೆ ಮೊದಲೇ ಇದನ್ನು ವಿಚಾರಿಸಬೇಕು.

24 ಬಿಟ್, 48,000 ದರದ ಒಂದು ವಾಹಿನಿಯ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 518 ಮೆಗಾಬೈಟ್ ಸ್ಥಳ ಬೇಕು. ಎಂಟು ವಾಹಿನಿಗಳಿಗೆ ಸುಮಾರು 4.1 ಗಿಗಾಬೈಟ್. ಈ ಲೆಕ್ಕದಲ್ಲಿ ತಮ್ಮ ವಾರ್ಷಿಕ ಕೆಲಸಕ್ಕೆ ಬೇಕಾಗುವ ಸ್ಥಳವನ್ನು ಅರ್ಜಿದಾರರೇ ಅಂದಾಜಿಸಬಹುದು. ಕಾರ್ಯಾಚರಣಾ ವ್ಯವಸ್ಥೆಗೂ ಚಾಲ್ತಿ ಮುದ್ರಣಗಳಿಗೂ ಎಸ್‌ಎಸ್‌ಡಿ ಇರಲಿ. ತಿರುಗುವ ಹಾರ್ಡ್ ಡಿಸ್ಕನ್ನು ಮುಗಿದ ಕೆಲಸಗಳ ಪ್ರತಿ ಕಾಪಿಡಲು ಬಳಸಬಹುದು. ಪ್ರತಿಯೊಂದು ಕೆಲಸದ ಎರಡನೆಯ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇರಿಸುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಗ್ರಾಹಕರ ಮುದ್ರಣ ಕಳೆದುಹೋದರೆ ಉದ್ದಿಮೆಯ ಹೆಸರೇ ಹೋದಂತೆ.

5.4 ಗ್ರಾಫಿಕ್ಸ್ ಕಾರ್ಡ್ ಮತ್ತು ವೈ-ಫೈ

ಧ್ವನಿಯ ಕೆಲಸಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಸಾಮಾನ್ಯವಾಗಿ ಅಗತ್ಯವಿಲ್ಲ. ದರಪಟ್ಟಿಯ ಮೊತ್ತವನ್ನು ಹಿಗ್ಗಿಸುವ ಈ ಬಾಬ್ತನ್ನು ಕೈಬಿಟ್ಟು ಆ ಹಣವನ್ನು ಇಂಟರ್‌ಫೇಸ್‌ಗೆ ಬಳಸಬಹುದು. ಮಿಗಿಲಾಗಿ, ಕೆಲವು ಗ್ರಾಫಿಕ್ಸ್ ಹಾಗೂ ವೈ-ಫೈ ಡ್ರೈವರ್‌ಗಳು ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡುಗಳ ಕಾಲ ಹಿಡಿದಿಟ್ಟುಕೊಂಡು ಧ್ವನಿಯ ಗಡುವನ್ನು ತಪ್ಪಿಸುತ್ತವೆ. ವೇಗದ ಯಂತ್ರಗಳಲ್ಲೂ ಚಿಟಚಿಟ ಶಬ್ದ ಬರುವುದಕ್ಕೆ ಇದು ಸಾಮಾನ್ಯ ಕಾರಣ. ಮುದ್ರಣದ ವೇಳೆ ವೈ-ಫೈ ಮತ್ತು ಬ್ಲೂಟೂತ್ ಆರಿಸುವುದು ಸರಳ ಪರಿಹಾರ.

5.5 ವಿದ್ಯುತ್ ಮತ್ತು ಭೂಸಂಪರ್ಕ

ಮುದ್ರಣದ ನಡುವೆ ವಿದ್ಯುತ್ ಹೋದರೆ ಕೆಲಸ ಹಾಳಾಗುವುದರಿಂದ ಯುಪಿಎಸ್ ಅವಶ್ಯ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದ್ದರೂ, ಪ್ರತ್ಯೇಕ ಅಡಾಪ್ಟರಿನಿಂದ ನಡೆಯುವ ಇಂಟರ್‌ಫೇಸ್ ವಿದ್ಯುತ್ ಹೋದ ಕ್ಷಣವೇ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು.

ಮುದ್ರಣದಲ್ಲಿ ಗುಂಯ್ ಎಂಬ ಸದ್ದು ಕೇಳಿಬಂದರೆ ಅದು ಬಹುಪಾಲು ವಿದ್ಯುತ್ ಜಾಲದ 50 ಹರ್ಟ್ಸ್‌ನ ನಾದ. ಎಲ್ಲ ಉಪಕರಣಗಳಿಗೂ ಒಂದೇ ಮೂಲದಿಂದ, ಸರಿಯಾದ ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್‌ಗಳ ಮೂಲಕ ವಿದ್ಯುತ್ ಒದಗಿಸಿದರೆ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಸದ್ದು ನಿಲ್ಲಿಸಲೆಂದು ಅರ್ಥ್ ಪಿನ್ನನ್ನು ಕತ್ತರಿಸುವುದಾಗಲಿ, ತಂತಿಯನ್ನು ಬಿಡಿಸುವುದಾಗಲಿ ಪ್ರಾಣಾಪಾಯಕಾರಿ. ಲೋಹದ ಮೈಕ್ರೋಫೋನನ್ನು ತುಟಿಯ ಬಳಿ ಹಿಡಿಯುವವರು ಗಾಯಕರು ಎಂಬುದನ್ನು ಗಮನದಲ್ಲಿಡಬೇಕು. ಅನುಮತಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸತಕ್ಕದ್ದು.

5.6 ಕಾರ್ಯಾಚರಣಾ ವ್ಯವಸ್ಥೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಮುಕ್ತಾಯಗೊಂಡಿದೆ. ಬಳಸಿದ ಗಣಕಯಂತ್ರ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ಪರಿಶೀಲಿಸಬೇಕು. ಲಿನಕ್ಸ್‌ನಲ್ಲಿ ಗಡುವು ತಪ್ಪದಂತೆ ಕೆಲಸ ನಡೆಸುವ ತತ್‌ಕ್ಷಣ ಸೌಲಭ್ಯವು 2024ರಲ್ಲಿ 6.12ನೇ ಆವೃತ್ತಿಯ ಕರ್ನಲ್‌ನಲ್ಲಿ ಅಧಿಕೃತವಾಗಿ ಸೇರ್ಪಡೆಯಾಗಿದೆ. ಆರ್ಡರ್, ಆಡಾಸಿಟಿಯಂತಹ ಮುಕ್ತ ತಂತ್ರಾಂಶಗಳೂ ಅದರಲ್ಲಿ ನಡೆಯುತ್ತವೆ. ಆದರೆ ಇಂಟರ್‌ಫೇಸ್ ಲಿನಕ್ಸ್‌ಗೆ ಹೊಂದುತ್ತದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಯಾವ ವ್ಯವಸ್ಥೆಯನ್ನೇ ಬಳಸಲಿ, ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಮುದ್ರಣದ ವೇಳೆ ನಿಷ್ಕ್ರಿಯಗೊಳಿಸಬೇಕು. ನಡೆಯುತ್ತಿರುವ ಕೆಲಸದ ಮಧ್ಯೆ ವ್ಯವಸ್ಥೆಯ ಪರಿಷ್ಕರಣೆ ಮಾಡಕೂಡದು.

6. ಖರೀದಿಗೆ ಮುನ್ನ ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ

(1) ಇಂಟರ್‌ಫೇಸನ್ನು ಹಬ್ ಮೂಲಕವಲ್ಲದೆ ನೇರವಾಗಿ ಗಣಕಯಂತ್ರಕ್ಕೆ ಜೋಡಿಸಿ, ದರವನ್ನು 48,000ಕ್ಕೂ ಬಫರನ್ನು 128ಕ್ಕೂ ಹೊಂದಿಸಬೇಕು.

(2) ಒಂದು ತಂತಿಯಿಂದ ಇಂಟರ್‌ಫೇಸ್‌ನ ಹೊರದಾರಿಯನ್ನು ಅದರ ಒಳದಾರಿಗೆ ಜೋಡಿಸಬೇಕು. ನೇರ ಆಲಿಕೆಯನ್ನು ಆರಿಸಬೇಕು. ಮುದ್ರಣ ತಂತ್ರಾಂಶದಲ್ಲಿ ವಿಳಂಬವನ್ನು ತಾನಾಗಿ ಸರಿದೂಗಿಸುವ ಆಯ್ಕೆಯಿದ್ದರೆ ಅದನ್ನೂ ಆರಿಸಬೇಕು. ಇಲ್ಲವಾದರೆ ಅಳತೆ ತಪ್ಪುತ್ತದೆ.

(3) ಒಂದು ಚಿಕ್ಕ ಟಿಕ್ ಶಬ್ದವನ್ನು ಹೊರಡಿಸಿ, ಹಿಂದಿರುಗಿದ ಶಬ್ದವನ್ನು ಇನ್ನೊಂದು ವಾಹಿನಿಯಲ್ಲಿ ಮುದ್ರಿಸಬೇಕು. ಎರಡರ ನಡುವಿನ ಅಂತರವನ್ನು ಸ್ಯಾಂಪಲ್‌ಗಳಲ್ಲಿ ಎಣಿಸಿ 48ರಿಂದ ಭಾಗಿಸಿದರೆ ವಿಳಂಬವು ಮಿಲಿಸೆಕೆಂಡಿನಲ್ಲಿ ದೊರೆಯುತ್ತದೆ. ಉದಾಹರಣೆಗೆ, 384 ಸ್ಯಾಂಪಲ್ ಅಂತರವಿದ್ದರೆ ವಿಳಂಬ 8 ಮಿಲಿಸೆಕೆಂಡು.

(4) ತಮಗೆ ಬೇಕಾಗುವಷ್ಟು ವಾಹಿನಿಗಳು ಹಾಗೂ ಪರಿಣಾಮಗಳೊಂದಿಗೆ ಕನಿಷ್ಠ 30 ನಿಮಿಷ ಎಡೆಬಿಡದೆ ಮುದ್ರಿಸಿ, ನಂತರ ಪೂರ್ತಿಯಾಗಿ ಕೇಳಬೇಕು. ಒಂದು ಚಿಟ್ ಶಬ್ದ ಬಂದರೂ ಕಾರಣ ವಿಚಾರಿಸಬೇಕು. ಲ್ಯಾಪ್‌ಟಾಪ್ ಆದಲ್ಲಿ ಚಾರ್ಜರ್ ಸಹಿತ ಮತ್ತು ರಹಿತ ಎರಡೂ ಬಗೆಯಲ್ಲಿ ಪರೀಕ್ಷಿಸಬೇಕು.

(5) ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶವು ಯಾವ ಡ್ರೈವರ್ ಅಡ್ಡಿಪಡಿಸುತ್ತಿದೆ ಎಂಬುದನ್ನು ತೋರಿಸಿಕೊಡುತ್ತದೆ.

ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ಕೊಳ್ಳುವುದಾದರೆ, ನಿಗದಿತ ದಿನಗಳೊಳಗೆ ಹಿಂದಿರುಗಿಸುವ ಷರತ್ತನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

7. ದರಪಟ್ಟಿ ಮತ್ತು ಲೆಕ್ಕಪತ್ರ

ದರಪಟ್ಟಿಯಲ್ಲಿ "ಗಣಕಯಂತ್ರ ಒಂದು ಸೆಟ್" ಎಂದಷ್ಟೇ ಬರೆಸದೆ, ಪ್ರೊಸೆಸರ್, ಸ್ಮರಣೆ, ಎಸ್‌ಎಸ್‌ಡಿ, ಇಂಟರ್‌ಫೇಸ್, ಮೈಕ್ರೋಫೋನ್, ಹೆಡ್‌ಫೋನ್, ಯುಪಿಎಸ್ ಇವುಗಳ ಪೂರ್ಣ ಮಾದರಿ ಸಂಖ್ಯೆ ಹಾಗೂ ದರವನ್ನು ಪ್ರತ್ಯೇಕವಾಗಿ ನಮೂದಿಸಿರಬೇಕು. ದರವು ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದು ಸ್ಪಷ್ಟವಾಗಿರಬೇಕು. ಸ್ಥಳ ಪರಿಶೀಲನೆಯ ವೇಳೆ ದರಪಟ್ಟಿ, ಬಿಲ್ಲು ಹಾಗೂ ಉಪಕರಣದ ಮೇಲಿನ ಸಂಖ್ಯೆಗಳು ತಾಳೆಯಾಗದಿದ್ದಲ್ಲಿ ಅರ್ಜಿದಾರರಿಗೇ ತೊಂದರೆ.

ಗಣಕಯಂತ್ರದ ಮೌಲ್ಯ ಬೇಗ ಕುಸಿಯುತ್ತದೆ. ಆದಾಯ ತೆರಿಗೆ ಲೆಕ್ಕದಲ್ಲಿ ಗಣಕಯಂತ್ರಗಳಿಗೆ ಇದ್ದ ಶೇ. 60ರ ಸವಕಳಿ ದರವನ್ನು 2017-18ರಿಂದ ಶೇ. 40ಕ್ಕೆ ಇಳಿಸಲಾಯಿತು. ಆ ದರದಲ್ಲಿ 1,00,000 ರೂ. ಬೆಲೆಯ ಯಂತ್ರದ ಪುಸ್ತಕ ಮೌಲ್ಯವು ಮೊದಲ ವರ್ಷದ ಕೊನೆಗೆ 60,000, ಎರಡನೆಯದಕ್ಕೆ 36,000, ಮೂರನೆಯದಕ್ಕೆ 21,600 ರೂ. ಆಗುತ್ತದೆ. ಐದು ವರ್ಷದ ಸಾಲ ಪಡೆದವರು ಕಂತು ತೀರುವ ಮೊದಲೇ ಯಂತ್ರ ಹಳತಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳ್ಳೆಯ ಮೈಕ್ರೋಫೋನ್ ಮತ್ತು ಹೆಡ್‌ಫೋನ್ ಎರಡು ಮೂರು ಗಣಕಯಂತ್ರಗಳ ಕಾಲ ಬಾಳುತ್ತವೆ. ಆದ್ದರಿಂದ ಇಡೀ ಬಂಡವಾಳವನ್ನು ಗಣಕಯಂತ್ರಕ್ಕೇ ಸುರಿಯುವುದು ವಿವೇಕವಲ್ಲ.

ಲ್ಯಾಪ್‌ಟಾಪ್ ಮತ್ತು ಅದರ ವಿದ್ಯುತ್ ಅಡಾಪ್ಟರ್‌ಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನು ನೋಡಿಕೊಳ್ಳಬೇಕು.

8. ಉಪಕರಣ ದೋಷಪೂರಿತವಾದಲ್ಲಿ

ವಾಣಿಜ್ಯ ಉದ್ದೇಶದ ಖರೀದಿಗೆ ಗ್ರಾಹಕ ಕಾನೂನು ಅನ್ವಯಿಸದೆಂದು ಮಾರಾಟಗಾರರು ಹೇಳುವುದುಂಟು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ, ಕೇವಲ ಸ್ವಉದ್ಯೋಗದ ಮೂಲಕ ಜೀವನೋಪಾಯ ಸಂಪಾದಿಸುವ ಸಲುವಾಗಿ ತಾವೇ ಬಳಸಲು ಕೊಂಡ ಸರಕು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿತವಾಗುವುದಿಲ್ಲ. ಅಂತಹವರು ಗ್ರಾಹಕರೇ ಆಗಿರುತ್ತಾರೆ. 50 ಲಕ್ಷ ರೂ. ವರೆಗಿನ ಬೆಲೆ ಪಾವತಿಸಿದ ಪ್ರಕರಣಗಳಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. 5 ಲಕ್ಷ ರೂ. ವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ಬಿಲ್ಲು, ಖಾತರಿ ಪತ್ರ ಹಾಗೂ ದೋಷ ಕಂಡ ಮುದ್ರಣದ ಪ್ರತಿಯನ್ನು ಜೋಪಾನವಾಗಿರಿಸಿಕೊಳ್ಳತಕ್ಕದ್ದು.

9. ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆ: 96,000 ದರದಲ್ಲಿ ಮುದ್ರಿಸಿದರೆ ವಿಳಂಬ ಕಡಿಮೆಯಾಗುವುದೇ?
ಉತ್ತರ: ಅದೇ ಬಫರ್ ಸಂಖ್ಯೆಯಲ್ಲಿ ವಿಳಂಬ ಅರ್ಧವಾಗುತ್ತದೆ ನಿಜ. ಆದರೆ ಪ್ರೊಸೆಸರಿನ ಹೊರೆಯೂ ಕಡತಗಳ ಗಾತ್ರವೂ ಸುಮಾರು ಇಮ್ಮಡಿಯಾಗುತ್ತವೆ. ಬಹುಪಾಲು ಕೆಲಸಗಳಿಗೆ 48,000 ಸಾಕು.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಬಳಸಬಹುದೇ?
ಉತ್ತರ: ಹಾಡುವಾಗ ಅಥವಾ ನುಡಿಸುವಾಗ ಬಳಸಕೂಡದು. ಅದರ ವಿಳಂಬವೇ ಸಾಮಾನ್ಯವಾಗಿ ನೂರು ಮಿಲಿಸೆಕೆಂಡು ಮೀರುತ್ತದೆ. ತಂತಿಯಿರುವ, ಕಿವಿಯನ್ನು ಮುಚ್ಚುವ ಹೆಡ್‌ಫೋನ್ ಉಚಿತ.

ಪ್ರಶ್ನೆ: ಮುದ್ರಣ ಮುಗಿದ ನಂತರ ಸಂಕಲನ ಮಾಡುವಾಗಲೂ ಬಫರ್ ಚಿಕ್ಕದಿರಬೇಕೇ?
ಉತ್ತರ: ಬೇಡ. ಸಂಕಲನದ ವೇಳೆ 512 ಅಥವಾ 1024ಕ್ಕೆ ಹೆಚ್ಚಿಸಿಕೊಳ್ಳಬಹುದು. ಆಗ ಸಾಧಾರಣ ಗಣಕಯಂತ್ರವೂ ಹೆಚ್ಚು ಪರಿಣಾಮಗಳನ್ನು ನಿಭಾಯಿಸುತ್ತದೆ.

ಪ್ರಶ್ನೆ: ಈಗಾಗಲೇ ಇರುವ ಹಳೆಯ ಗಣಕಯಂತ್ರವನ್ನೇ ಬಳಸಬಹುದೇ?
ಉತ್ತರ: ಅದನ್ನು 6ನೇ ಕಂಡಿಕೆಯ ಪರೀಕ್ಷೆಗೆ ಒಳಪಡಿಸಿ ನೋಡಬೇಕು. ಉತ್ತೀರ್ಣವಾದಲ್ಲಿ ಹೊಸದರ ಅಗತ್ಯವಿಲ್ಲ, ಸಾಲದ ಮೊತ್ತವೂ ತಗ್ಗುತ್ತದೆ.

ಪ್ರಶ್ನೆ: ಕೆಟ್ಟುಹೋದ ಉಪಕರಣಗಳನ್ನು ಏನು ಮಾಡಬೇಕು?
ಉತ್ತರ: 1 ಏಪ್ರಿಲ್ 2023ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳನ್ವಯ ಅವುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ಒಪ್ಪಿಸಬೇಕು. ಸಾಮಾನ್ಯ ಕಸದೊಂದಿಗೆ ಹಾಕಬಾರದು.

10. ಸೂಚನೆ

ಈ ಪುಟದ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಇಲಾಖೆಯು ಯಾವುದೇ ತಯಾರಕರ ಅಥವಾ ಮಾರಾಟಗಾರರ ಉತ್ಪನ್ನವನ್ನು ಶಿಫಾರಸು ಮಾಡುವುದಿಲ್ಲ. ಬೆಲೆಗಳು ಬದಲಾಗುತ್ತಿರುವುದರಿಂದ ಅವುಗಳನ್ನು ಇಲ್ಲಿ ನೀಡಿಲ್ಲ. ಅರ್ಜಿದಾರರು ಕನಿಷ್ಠ ಮೂರು ಕಡೆ ದರ ವಿಚಾರಿಸಿ, ಮೇಲ್ಕಂಡ ಪರೀಕ್ಷೆ ನಡೆಸಿ, ತಮ್ಮ ಕೆಲಸದ ವರ್ಗಕ್ಕೆ ತಕ್ಕ ವ್ಯವಸ್ಥೆಯನ್ನು ಆರಿಸಿಕೊಳ್ಳಲು ಕೋರಲಾಗಿದೆ. ಅರ್ಜಿ ನಮೂನೆ ಮತ್ತು ಯೋಜನಾ ವರದಿ ಕುರಿತ ಸಂದೇಹಗಳಿಗೆ ಆಯಾ ಜಿಲ್ಲೆಯ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.